ಗಣಿ ಪಕ್ಕದ ಗದ್ದೆ: ಅಳೆಯದ ಮಣ್ಣಿನ ಹೊಣೆ ಯಾರದು?

ಗಣಿಯ ಪಕ್ಕದ ಹೊಲಕ್ಕೆ ಬರುವ ಕೇಡುಗಳಲ್ಲಿ ಹಲವು ಕಣ್ಣಿಗೆ ಕಾಣುವಂಥವು. ಎಲೆಯ ಮೇಲೆ ಕೂತ ಧೂಳು, ಹೂಳು ತುಂಬಿದ ಕೆರೆ, ಬತ್ತಿದ ಬಾವಿ, ಸಿಡಿಮದ್ದಿನ ಸದ್ದಿಗೆ ಬಿರುಕು ಬಿಟ್ಟ ಗೋಡೆ, ಇವನ್ನೆಲ್ಲ ರೈತ ಬೆರಳು ಮಾಡಿ ತೋರಿಸಬಲ್ಲ. ಫೋಟೊ ಸಮೇತ ಅರ್ಜಿ ಬರೆದು ತಹಶೀಲ್ದಾರರ ಕಚೇರಿಗೆ ಕೊಡಬಲ್ಲ. ಭಾರ ಲೋಹಗಳು ಮಾಡುವ ಕೇಡು ಬೇರೆ ತರಹದ್ದು. ಕ್ಯಾಡ್ಮಿಯಂ ಸೇರಿದ ಗದ್ದೆಯಲ್ಲೂ ಭತ್ತ ಎಂದಿನಂತೆ ತೆನೆ ಬಿಡುತ್ತದೆ. ಇಳುವರಿ ಕುಗ್ಗಬೇಕೆಂದೇನಿಲ್ಲ. ಅನ್ನದ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ಬೆಳೆ ಬಾಡುವುದಕ್ಕೆ ಎಷ್ಟೋ ಮೊದಲೇ, ಉಣ್ಣುವವರ ಮೈ ಕೆಡಿಸುವಷ್ಟು ಲೋಹ ಕಾಳಿಗೆ ಸೇರಿರುತ್ತದೆ.

ಇನ್ನೊಂದು ಕಷ್ಟವೂ ಇದೆ. ಹೊಲಕ್ಕೆ ಹೊಡೆದ ಕೀಟನಾಶಕ ಬಿಸಿಲಿಗೆ, ಮಳೆಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಒಂದಲ್ಲ ಒಂದು ದಿನ ಒಡೆದುಹೋಗುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಮೂಲಧಾತುಗಳು. ಅವು ರೂಪ ಬದಲಿಸಬಹುದು, ಜಾಗ ಬದಲಿಸಬಹುದು, ಇಲ್ಲವಾಗುವುದಿಲ್ಲ. ಗಣಿ ಮುಚ್ಚಿ, ಕಂಪನಿ ಕಾಲ್ತೆಗೆದು, ಕಾರ್ಮಿಕರ ಮೊಮ್ಮಕ್ಕಳು ಬೇರೆ ಊರು ಸೇರಿದ ಮೇಲೂ ಲೋಹ ಆ ಮಣ್ಣಿನಲ್ಲಿಯೇ ಇರುತ್ತದೆ.

ಕಣ್ಣಿಗೆ ಕಾಣದ, ಕಾಲಕ್ಕೂ ಸವೆಯದ ಇಂಥ ವಿಷವನ್ನು ತಿಳಿಯಲು ಅಳೆಯುವುದೊಂದೇ ದಾರಿ. ನೂರು ವರ್ಷಗಳಿಂದ ಜಗತ್ತಿನ ಹಲವು ಗಣಿ ಪ್ರದೇಶಗಳಲ್ಲಿ ನಡೆದದ್ದನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ವಿಜ್ಞಾನಕ್ಕೆ ಗೊತ್ತಿಲ್ಲದೆ ಜನ ನೊಂದದ್ದಕ್ಕಿಂತ, ಯಾರೂ ಅಳೆಯದೆ ಹೋದದ್ದರಿಂದ, ಅಳೆದದ್ದು ರೈತರ ಕೈಗೆ ಬಾರದೆ ಹೋದದ್ದರಿಂದ ನೊಂದದ್ದೇ ಹೆಚ್ಚು.

ಗಣಿಯಿಂದ ಗದ್ದೆಗೆ

ಅದಿರಿನಲ್ಲಿ ಬೇಕಾದ ಲೋಹ ಒಂಟಿಯಾಗಿ ಇರುವುದಿಲ್ಲ. ಸತುವಿನ ಅದಿರಿನೊಳಗೆ ಕ್ಯಾಡ್ಮಿಯಂ ಸೇರಿಕೊಂಡಿರುತ್ತದೆ. ಸತುವಿರುವ ಕಡೆ ಸಾಮಾನ್ಯವಾಗಿ ಸೀಸವೂ ಇರುತ್ತದೆ. ಚಿನ್ನದ ಅದಿರಿನ ಜೊತೆ ಅನೇಕ ಕಡೆ ಆರ್ಸೆನೊಪೈರೈಟ್ ಎಂಬ ಖನಿಜ ಸಿಗುತ್ತದೆ, ಅದರಲ್ಲಿ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿರುತ್ತವೆ. ಟನ್ನುಗಟ್ಟಲೆ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಕೆಲವೇ ಗ್ರಾಂ ಚಿನ್ನ ತೆಗೆಯುತ್ತಾರೆ. ಉಳಿದದ್ದೆಲ್ಲ ಗಣಿ ತ್ಯಾಜ್ಯವಾಗಿ, ಟೈಲಿಂಗ್ಸ್ ಗುಡ್ಡವಾಗಿ ಹೊರಗೆ ಬೀಳುತ್ತದೆ.

ಕೋಟ್ಯಂತರ ವರ್ಷ ಬಂಡೆಯೊಳಗೆ ಗಾಳಿ ನೀರಿನ ಸೋಂಕಿಲ್ಲದೆ ಮಲಗಿದ್ದ ಖನಿಜ ಪುಡಿಯಾದ ಕೂಡಲೇ ಸ್ವಭಾವ ಬದಲಿಸುತ್ತದೆ. ಪೈರೈಟಿನಂಥ ಗಂಧಕದ ಖನಿಜಗಳಿಗೆ ಮಳೆನೀರು ಮತ್ತು ಗಾಳಿ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಹುಳಿನೀರು ಸುತ್ತಲಿನ ಪುಡಿಯಿಂದ ಸತು, ತಾಮ್ರ, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಕೈಬಿಟ್ಟ ಗಣಿಗಳ ಬಾಯಿಂದ ಹೊರಡುವ ತೊರೆಗಳ ಕಲ್ಲುಗಳಿಗೆ ತುಕ್ಕಿನ ಬಣ್ಣ ಹತ್ತುವುದು ಹೀಗೆ. ಒಮ್ಮೆ ಶುರುವಾದರೆ ಇದು ನೂರಾರು ವರ್ಷ ನಡೆಯಬಲ್ಲ ಕ್ರಿಯೆ.

ನೀರು ಮೊದಲನೆಯ ದಾರಿಯಾದರೆ ಗಾಳಿ ಎರಡನೆಯದು. ಬೇಸಿಗೆಯಲ್ಲಿ ಒಣಗಿದ ತ್ಯಾಜ್ಯದ ಗುಡ್ಡದ ನುಣ್ಣನೆಯ ಪುಡಿ ಗಾಳಿ ಬೀಸಿದ ದಿಕ್ಕಿನ ಸೊಪ್ಪಿನ ಮಡಿಗೂ, ಮೇವಿನ ಬಣವೆಗೂ, ಅಂಗಳದಲ್ಲಿ ಒಣಹಾಕಿದ ಧಾನ್ಯಕ್ಕೂ ಹೋಗಿ ಕೂರುತ್ತದೆ. ಮೂರನೆಯ ದಾರಿ ಅವಘಡದ್ದು. 1998ರ ಏಪ್ರಿಲ್ 25ರಂದು ಸ್ಪೇನಿನ ಅಜ್ನಲ್ಕೊಯರ್ ಗಣಿಯ ತ್ಯಾಜ್ಯದ ಕಟ್ಟೆ ಒಡೆದು, ಹುಳಿನೀರು ಮತ್ತು ಕಪ್ಪು ಕೆಸರು ಗ್ವಾದಿಯಾಮಾರ್ ನದಿಯ ಇಕ್ಕೆಲದ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ನೆಲವನ್ನು ಮುಚ್ಚಿತು. ಕೆಸರನ್ನು ಬಳಿದು ತೆಗೆದ ಮೇಲೂ ಅಲ್ಲಿ ಬೇಸಾಯಕ್ಕೆ ಅವಕಾಶ ಕೊಡಲಿಲ್ಲ. ಸರ್ಕಾರ ಹೊಲಗಳನ್ನು ಕೊಂಡು ಗಿಡಮರ ಬೆಳೆಸಿ ಹಸಿರು ಪಟ್ಟಿ ಮಾಡಿತು.

ನಮ್ಮ ಬಯಲುಸೀಮೆಗೆ ನಾಲ್ಕನೆಯ ದಾರಿಯೊಂದನ್ನು ಸೇರಿಸಬೇಕು. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮ ಹಳೆಯ, ಒಳ್ಳೆಯ ಪದ್ಧತಿ. ಆದರೆ ಆ ಕೆರೆಯ ಜಲಾನಯನದ ಮೇಲ್ಭಾಗದಲ್ಲಿ ಗಣಿ ತ್ಯಾಜ್ಯದ ರಾಶಿ ಇದ್ದರೆ, ವರ್ಷಗಟ್ಟಲೆ ಕೊಚ್ಚಿ ಬಂದ ಲೋಹದ ಪುಡಿ ನಿಂತಿರುವುದು ಆ ಹೂಳಿನಲ್ಲೇ. ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ಹೇರಿ ತಂದದ್ದು ವಿಷವನ್ನೂ ಹೊತ್ತು ತರಬಹುದು. ಅಂಥ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ಮಣ್ಣಿನಿಂದ ಕಾಳಿಗೆ

ಮಣ್ಣಿನಲ್ಲಿ ಲೋಹ ಎಷ್ಟಿದೆ ಎಂಬುದೊಂದರಿಂದಲೇ ಬೆಳೆಗೆ ಎಷ್ಟು ಸೇರುತ್ತದೆ ಎಂದು ಹೇಳಲಾಗದು. ಮಣ್ಣು ಹುಳಿಯಾಗಿದ್ದರೆ ಕ್ಯಾಡ್ಮಿಯಂ, ಸತು, ಸೀಸ ಸಡಿಲಗೊಂಡು ಬೇರಿಗೆ ಸುಲಭವಾಗಿ ಸಿಗುತ್ತವೆ. ಸುಣ್ಣದ ಅಂಶವಿರುವ ಜಿಗುಟು ಎರೆಮಣ್ಣು ಅವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಸಾವಯವ ಇಂಗಾಲ ಹೆಚ್ಚಿದ್ದಷ್ಟೂ ಹಿಡಿತ ಬಿಗಿ. ಹಾಗಾಗಿ ಒಂದೇ ಪ್ರಮಾಣದ ಕ್ಯಾಡ್ಮಿಯಂ ಮಲೆನಾಡಿನ ಹುಳಿ ಮಣ್ಣಿನಲ್ಲಿ ಮಾಡುವಷ್ಟು ಕೇಡನ್ನು ರಾಯಚೂರಿನ ಎರೆಯಲ್ಲಿ ಮಾಡಲಾರದು. ಆದ್ದರಿಂದ ಒಟ್ಟು ಲೋಹವನ್ನೂ ಬೇರಿಗೆ ದೊರೆಯುವ ಲೋಹವನ್ನೂ ಬೇರೆ ಬೇರೆಯಾಗಿ ಅಳೆಯಬೇಕು, ಜೊತೆಗೆ ರಸಸಾರವನ್ನೂ ನೋಡಬೇಕು.

ಒಂದೊಂದು ಲೋಹದ ನಡೆಯೂ ಬೇರೆ. ಸೀಸ ಬೇರಿನಿಂದ ಮೇಲಕ್ಕೆ ಅಷ್ಟಾಗಿ ಏರುವುದಿಲ್ಲ, ಧೂಳಾಗಿ ಸೊಪ್ಪಿಗೆ, ಮಣ್ಣಾಗಿ ಮೂಲಂಗಿ ಗೆಣಸಿನ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ತೊಳೆದು ಸಿಪ್ಪೆ ಹೆರೆದರೆ ಬಹುಪಾಲು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಅದು ಗಿಡದ ಒಳಗೇ ಹರಿದು ಎಲೆಗೂ ಕಾಳಿಗೂ ಸೇರುವುದರಿಂದ ತೊಳೆದು ಪ್ರಯೋಜನವಿಲ್ಲ. ಪಾಲಕ್‌ನಂಥ ಸೊಪ್ಪು, ತಂಬಾಕು, ಸೂರ್ಯಕಾಂತಿ ಬೀಜ ಅದನ್ನು ಹೆಚ್ಚು ಕೂಡಿಸಿಕೊಳ್ಳುತ್ತವೆ, ಮುಸುಕಿನ ಜೋಳದ ಕಾಳು ಕಡಿಮೆ. ಕ್ರೋಮಿಯಂ ಬಹುತೇಕ ಬೇರಿನಲ್ಲೇ ನಿಲ್ಲುತ್ತದೆ. ಪಾದರಸ ನೀರು ನಿಂತ ಗದ್ದೆಯಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಮೀಥೈಲ್ ಪಾದರಸವಾಗಿ ಮಾರ್ಪಟ್ಟು ಅಕ್ಕಿಗೆ ಬರುತ್ತದೆ. ಮೀನಿನಿಂದ ಮಾತ್ರ ಬರುವ ವಿಷವೆಂದು ಲೋಕ ತಿಳಿದಿದ್ದ ಇದು, ಚೀನಾದ ಗುಯಿಝೌ ಪ್ರಾಂತ್ಯದ ವಾನ್‌ಷಾನ್ ಪಾದರಸ ಗಣಿಯ ಸುತ್ತಲಿನ ಜನರಿಗೆ ಮುಖ್ಯವಾಗಿ ಅನ್ನದಿಂದಲೇ ಬರುತ್ತಿದೆ ಎಂದು ಸಂಶೋಧಕರು ತೋರಿಸಿಕೊಟ್ಟರು.

ಭತ್ತದ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ನೀರು ನಿಂತ ಗದ್ದೆಯಿಂದ ಒಂದು ಬುಡವನ್ನು ಕಿತ್ತು ನಿಧಾನವಾಗಿ ತೊಳೆದರೆ ಬೇರಿನ ಮೇಲೆ ತುಕ್ಕಿನ ಬಣ್ಣದ ತೆಳು ಲೇಪ ಕಾಣುತ್ತದೆ. ಕೆಸರಿನಲ್ಲಿ ಉಸಿರಿಲ್ಲದ್ದರಿಂದ ಭತ್ತ ತನ್ನ ಕಾಂಡದೊಳಗಿನ ಟೊಳ್ಳು ನಾಳಗಳ ಮೂಲಕ ಗಾಳಿಯನ್ನು ಬೇರಿಗೆ ಇಳಿಸಿಕೊಳ್ಳುತ್ತದೆ. ಬೇರಿನಿಂದ ಒಸರಿದ ಆಮ್ಲಜನಕ ಸುತ್ತಲಿನ ಕಬ್ಬಿಣವನ್ನು ತುಕ್ಕು ಹಿಡಿಸಿ ಈ ಲೇಪ ಕಟ್ಟುತ್ತದೆ, ಲೇಪ ಒಂದಿಷ್ಟು ಆರ್ಸೆನಿಕ್ಕನ್ನು ತಡೆದು ನಿಲ್ಲಿಸುತ್ತದೆ. ಅದರಿಂದ ಆಚೆಗಿನ ಕೆಸರಿನಲ್ಲಿ ನಡೆಯುವುದು ತದ್ವಿರುದ್ಧ. ಅಲ್ಲಿ ಆಮ್ಲಜನಕ ಮುಗಿದು ಮಣ್ಣಿನ ತುಕ್ಕು ಕರಗುತ್ತದೆ, ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬಿಡುತ್ತದೆ. ಕಾಂಡ ಗಟ್ಟಿಯಾಗಲು ಭತ್ತಕ್ಕೆ ಸಿಲಿಕಾ ಬೇಕು. ಸಿಲಿಕಾ ಬರಲೆಂದು ಬೇರಿನಲ್ಲಿರುವ ಬಾಗಿಲುಗಳಿಂದಲೇ ಆರ್ಸೆನಿಕ್ ಒಳಗೆ ಬರುತ್ತದೆ. ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದ ಮಾ ಜಿಯಾನ್‌ ಫೆಂಗ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಗುರುತಿಸಿದರು. ಕ್ಯಾಡ್ಮಿಯಂ ಒಳಬರುವುದು ಮ್ಯಾಂಗನೀಸಿನ ಬಾಗಿಲಿನಿಂದ.

ಇಲ್ಲಿಯೇ ರೈತನಿಗೆ ದೊಡ್ಡ ಇಕ್ಕಟ್ಟು. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಗಟ್ಟಿಯಾಗುತ್ತದೆ, ಆದರೆ ಆರ್ಸೆನಿಕ್ ಕರಗಿ ಬರುತ್ತದೆ. ನೀರು ಕಟ್ಟಿ ಬಿಟ್ಟು ಒಣಗಿಸಿದರೆ ಆರ್ಸೆನಿಕ್ ಅಡಗುತ್ತದೆ, ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏರುವಂತೆ ಇದು. ಯಾವ ಗದ್ದೆಯಲ್ಲಿ ಯಾವ ಲೋಹ ಇದೆ ಎಂದು ತಿಳಿಯದೆ ಕೊಟ್ಟ ಸಲಹೆ ಕೇಡನ್ನೇ ಹೆಚ್ಚಿಸೀತು.

ಕ್ಯಾಡ್ಮಿಯಂ ಒಮ್ಮೆ ಮೂತ್ರಪಿಂಡಕ್ಕೆ ಸೇರಿದರೆ ಅದರ ಅರ್ಧದಷ್ಟು ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇದ್ದರೆ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದೇ ಅನ್ನ ಉಂಡರೂ ಮನೆಯಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಯಾರೆಂದು ಇದರಿಂದಲೇ ತಿಳಿಯುತ್ತದೆ.

ಜಿಂಝು ಕಣಿವೆ ಕಲಿಸಿದ್ದು

ಈ ಪ್ರಶ್ನೆಯ ಇತಿಹಾಸದಲ್ಲಿ ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಝು ನದಿ ಬಯಲಿನಷ್ಟು ಪೂರ್ಣವಾದ ಉದಾಹರಣೆ ಇನ್ನೊಂದಿಲ್ಲ. ನದಿಯ ಮೇಲ್ದಂಡೆಯ ಗಿಫು ಪ್ರಾಂತ್ಯದಲ್ಲಿ ಮಿತ್ಸುಯಿ ಕಂಪನಿಯ ಕಮಿಯೊಕಾ ಗಣಿ ಸತು ಮತ್ತು ಸೀಸ ತೆಗೆಯುತ್ತಿತ್ತು. ಅದರ ತ್ಯಾಜ್ಯ ನದಿಗೆ ಸೇರಿ, ನದಿಯ ನೀರು ಕಾಲುವೆಗಳಲ್ಲಿ ಹರಿದು ಗದ್ದೆಗಳಿಗೆ ಬರುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಆ ಊರುಗಳ ಹೆಂಗಸರಲ್ಲಿ, ಅದರಲ್ಲೂ ಹಲವು ಮಕ್ಕಳನ್ನು ಹೆತ್ತು ನಡುವಯಸ್ಸು ದಾಟಿದವರಲ್ಲಿ, ಸೊಂಟ ಮತ್ತು ಮೂಳೆಗಳ ತಡೆಯಲಾರದ ನೋವು ಕಾಣಿಸಿಕೊಂಡಿತು. ಮೂತ್ರಪಿಂಡ ಕೆಟ್ಟು ಮೂಳೆ ಮೆತ್ತಗಾಗಿ, ಕೆಮ್ಮಿದರೂ ಪಕ್ಕೆಲುಬು ಮುರಿಯುವ ಸ್ಥಿತಿ. ಶಾಪವೆಂದರು, ಪೌಷ್ಟಿಕತೆಯ ಕೊರತೆ ಎಂದರು. ಆ ಊರುಗಳಿಗೆ ಹೆಣ್ಣು ಕೊಡಲು ಜನ ಅಂಜುವಂತಾಯಿತು, ಆದ್ದರಿಂದ ಮನೆಯವರೂ ಬಾಯಿ ಬಿಡುತ್ತಿರಲಿಲ್ಲ.

ಹಗಿನೊ ನೊಬೊರು ಎಂಬ ಸ್ಥಳೀಯ ವೈದ್ಯ ರೋಗಿಗಳ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದರು. ಜಿಂಝು ನೀರು ಉಣ್ಣುವ ಗದ್ದೆಗಳ ಊರುಗಳಲ್ಲೇ ರೋಗ ನೆಲೆಸಿತ್ತು. ಕೃಷಿ ವಿಜ್ಞಾನಿ ಯೊಶಿಯೊಕಾ ಕಿನ್‌ಇಚಿ ಮತ್ತು ರಸಾಯನ ವಿಜ್ಞಾನಿ ಕೊಬಯಾಶಿ ಜುನ್ ಅವರ ನೆರವಿನಿಂದ ನಡೆದ ಪರೀಕ್ಷೆಗಳಲ್ಲಿ ಕ್ಯಾಡ್ಮಿಯಂ ಪತ್ತೆಯಾಯಿತು. 1961ರಲ್ಲಿ ಈ ವಾದ ವೈದ್ಯಕೀಯ ಸಭೆಯ ಮುಂದೆ ಬಂದಾಗ ಒಪ್ಪಿದವರು ಕಡಿಮೆ. 1968ರ ಮೇ ತಿಂಗಳಲ್ಲಿ ಜಪಾನ್ ಸರ್ಕಾರ ಇಟಾಯಿ-ಇಟಾಯಿ ಎಂದು ಹೆಸರಾದ ಈ ರೋಗವನ್ನು ಗಣಿ ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಅದೇ ವರ್ಷ ಜನ ನ್ಯಾಯಾಲಯಕ್ಕೆ ಹೋದರು, 1971ರಲ್ಲಿ ಗೆದ್ದರು, ಕಂಪನಿಯ ಮೇಲ್ಮನವಿಯಲ್ಲೂ 1972ರಲ್ಲಿ ಗೆದ್ದರು.

ಗೆದ್ದ ಮೇಲೆ ಅವರು ಮಾಡಿದ್ದು ಇನ್ನೂ ಮುಖ್ಯ. ಪರಿಹಾರದ ಹಣ ಪಡೆದು ಸುಮ್ಮನಾಗದೆ ಕಂಪನಿಯಿಂದ ಇನ್ನೆರಡು ಮಾತು ಬರೆಸಿಕೊಂಡರು. ಕೆಟ್ಟ ಗದ್ದೆಗಳನ್ನು ಸರಿಪಡಿಸುವ ಹೊಣೆ ಒಂದು. ಜನರು ತಾವು ಆರಿಸಿದ ತಜ್ಞರೊಡನೆ ಗಣಿಯೊಳಗೆ ಹೋಗಿ ತಪಾಸಣೆ ಮಾಡುವ, ಕಾಗದಪತ್ರ ನೋಡುವ, ಅದರ ಖರ್ಚನ್ನು ಕಂಪನಿಯೇ ಕೊಡುವ ಕರಾರು ಇನ್ನೊಂದು. 1972ರಿಂದ ವರ್ಷ ವರ್ಷವೂ ರೈತರು ಮತ್ತು ವಿಜ್ಞಾನಿಗಳು ಗಣಿಗೆ ಹೋಗಿ ಚರಂಡಿ, ತ್ಯಾಜ್ಯದ ರಾಶಿ, ಹೊಗೆಗೊಳವೆಗಳನ್ನು ನೋಡಿ, ಸೋರುವ ಜಾಗಗಳನ್ನು ಪಟ್ಟಿ ಮಾಡಿ, ಸರಿಪಡಿಸಿ ಎಂದು ಕೇಳುತ್ತ ಬಂದರು. ನದಿ ನೀರಿನ ಕ್ಯಾಡ್ಮಿಯಂ ಸಹಜ ಮಟ್ಟದ ಸಮೀಪಕ್ಕೆ ಇಳಿಯಿತು.

ಗದ್ದೆಗಳ ಕೆಲಸ ಹೆಚ್ಚು ಕಾಲ ಹಿಡಿಯಿತು. ಕೆಟ್ಟ ಮೇಲ್ಮಣ್ಣನ್ನು ಕೆರೆದು ಆಳದಲ್ಲಿ ಹೂತು, ಅದರ ಮೇಲೆ ಗಟ್ಟಿ ಪದರ ಹಾಸಿ, ಗುಡ್ಡಗಳಿಂದ ತಂದ ಹೊಸ ಮಣ್ಣನ್ನು ಹರಡಿದರು. ಹೊಸ ಮಣ್ಣಿನಲ್ಲಿ ಸಾರವಿರಲಿಲ್ಲ, ಗೊಬ್ಬರ ಹಾಕಿ ಅದನ್ನು ಮತ್ತೆ ಗದ್ದೆಯ ಮಣ್ಣಾಗಿ ಪಳಗಿಸಬೇಕಾಯಿತು. ಸುಮಾರು 1,500 ಹೆಕ್ಟೇರ್ ಕೆಟ್ಟಿತ್ತು. ಅದರಲ್ಲಿ 863 ಹೆಕ್ಟೇರನ್ನು ಮತ್ತೆ ಬೇಸಾಯಕ್ಕೆ ತರುವ ಕೆಲಸ 2012ರ ಹೊತ್ತಿಗೆ ಮುಗಿಯಿತು. ಮೂರು ದಶಕ, 4,000 ಕೋಟಿ ಯೆನ್‌ಗೂ ಹೆಚ್ಚು ಖರ್ಚು. ರೋಗಿಗಳೆಂದು ಸರ್ಕಾರದ ದಾಖಲೆಗೆ ಸೇರಿದವರು ಸುಮಾರು 200 ಮಂದಿ, ಕಂಪನಿಯೊಡನೆ ಅಂತಿಮ ಒಪ್ಪಂದವಾದದ್ದು 2013ರಲ್ಲಿ. ಗಣಿಯ ಬಾಯಲ್ಲೇ ತಡೆದಿದ್ದರೆ ಇದರ ಅಲ್ಪ ಭಾಗದಲ್ಲಿ ಆಗುತ್ತಿದ್ದ ಕೆಲಸ ಇದು.

ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಚೀನಾ 2005ರಿಂದ 2013ರವರೆಗೆ ದೇಶವ್ಯಾಪಿ ಮಣ್ಣಿನ ಸಮೀಕ್ಷೆ ಮಾಡಿಸಿತು, ಆದರೆ ವರದಿ ಕೇಳಿದವರಿಗೆ ಅದು ರಾಷ್ಟ್ರೀಯ ರಹಸ್ಯ ಎಂಬ ಉತ್ತರ ಸಿಕ್ಕಿತು. 2013ರಲ್ಲಿ ಗುವಾಂಗ್‌ಝೌ ನಗರದಲ್ಲಿ ಪರೀಕ್ಷಿಸಿದ 18 ಅಕ್ಕಿ ಮಾದರಿಗಳಲ್ಲಿ 8ರಲ್ಲಿ ಕ್ಯಾಡ್ಮಿಯಂ ಮಿತಿ ಮೀರಿದ್ದು ಬಯಲಾಗಿ ಜನ ಸಿಟ್ಟಿಗೆದ್ದರು. ಮರುವರ್ಷ ಸಾರಾಂಶ ಹೊರಬಂತು. ಸಾಗುವಳಿ ನೆಲದ ಮಾದರಿಗಳಲ್ಲಿ ಶೇ 19.4ರಷ್ಟು ಕಲುಷಿತ, ಮೊದಲ ಆರೋಪಿ ಕ್ಯಾಡ್ಮಿಯಂ. 2019ರಿಂದ ಅಲ್ಲಿ ಮಣ್ಣಿನ ಮಾಲಿನ್ಯಕ್ಕೆಂದೇ ಕಾನೂನು ಜಾರಿಯಲ್ಲಿದೆ. ಥಾಯ್ಲೆಂಡಿನ ಮೇ ಸೋಟ್ ಬಳಿ ಸತುವಿನ ಗಣಿಯ ಕೆಳಗಿನ ಗದ್ದೆಗಳ ಅಕ್ಕಿಯಲ್ಲಿ ಕ್ಯಾಡ್ಮಿಯಂ ಕಂಡಾಗ, ಸರ್ಕಾರ ಆ ಅಕ್ಕಿಯನ್ನು ಕೊಂಡು, ಭತ್ತದ ಬದಲು ಎಥನಾಲ್‌ಗೆ ಹೋಗುವ ಕಬ್ಬು ಬೆಳೆಯಲು ರೈತರಿಗೆ ಹೇಳಿತು. ಅಳತೆ ಸಾರ್ವಜನಿಕವಾದ ಮೇಲೆಯೇ ಎರಡೂ ಕಡೆ ಕೆಲಸ ಶುರುವಾಯಿತು.

ನಮ್ಮ ನೆಲದಲ್ಲಿ

ಭಾರತದ ಕ್ರೋಮೈಟ್ ನಿಕ್ಷೇಪದ ಬಹುಪಾಲು ಒಡಿಶಾದ ಜಾಜಪುರ ಜಿಲ್ಲೆಯ ಸುಕಿಂದಾ ಕಣಿವೆಯಲ್ಲಿದೆ. ಬಂಡೆಯಲ್ಲಿರುವ ಕ್ರೋಮಿಯಂ ಅಷ್ಟೇನೂ ಅಪಾಯದ್ದಲ್ಲ. ಅಗೆದು ತೆರೆದಿಟ್ಟಾಗ ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳ ಸಹವಾಸದಲ್ಲಿ ಅದರ ಒಂದು ಭಾಗ ಆರು ವೇಲೆನ್ಸಿಯ ರೂಪಕ್ಕೆ ತಿರುಗುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಕ್ಯಾನ್ಸರ್ ತರುತ್ತದೆ. ಗಣಿಗಳ ನೀರು ದಾಮ್‌ಸಾಲಾ ಹಳ್ಳದ ಮೂಲಕ ಬ್ರಾಹ್ಮಣಿ ನದಿಯ ಕಡೆಗೆ ಹರಿಯುತ್ತದೆ. 2007ರಲ್ಲಿ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಅತಿ ಕಲುಷಿತ ಹತ್ತು ತಾಣಗಳ ಪಟ್ಟಿಯಲ್ಲಿ ಸುಕಿಂದಾವನ್ನು ಸೇರಿಸಿತ್ತು. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದಲ್ಲೂ ಕ್ರೋಮೈಟ್ ತೆಗೆದಿದ್ದಾರೆ. ಸುಕಿಂದಾಗೆ ಕೇಳುವ ಪ್ರಶ್ನೆಯನ್ನು ಅಲ್ಲಿನ ತ್ಯಾಜ್ಯದ ರಾಶಿಗಳಿಗೂ ಕೇಳಬೇಕು.

ಕರ್ನಾಟಕದಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಚಿನ್ನದ ಶಿಲಾಪಟ್ಟಿಗಳ ಬಗ್ಗೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಜೊತೆ ಆರ್ಸೆನೊಪೈರೈಟ್ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮಂಗಳೂರು ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನ ತೆಗೆಯುತ್ತಿದ್ದರು. ಆ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಅಂಗೈ ಅಂಗಾಲು ಗಡುಸಾಗಿ, ಮೈಮೇಲೆ ಕಪ್ಪು ಚುಕ್ಕೆ ಬಂದವರನ್ನು ಪರೀಕ್ಷಿಸಿ ಆರ್ಸೆನಿಕ್ ರೋಗವೆಂದು ಗುರುತಿಸಲಾಯಿತು. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅಲ್ಲಿನ ಬಹುತೇಕ ನೀರಿನ ಮಾದರಿಗಳು ಅದನ್ನು ಮೀರಿದ್ದವು.

ಇಲ್ಲಿ ಒಂದು ವಾದ ಏಳುತ್ತದೆ. ಆರ್ಸೆನಿಕ್ ಬಂಡೆಯಲ್ಲೇ ಇದೆ, ಗಣಿ ಇಲ್ಲದಿದ್ದರೂ ಕೊಳವೆ ಬಾವಿ ಕೊರೆದರೆ ನೀರಿಗೆ ಬರುತ್ತದೆ, ಹಾಗಿರುವಾಗ ಗಣಿಯನ್ನು ದೂರುವುದು ಹೇಗೆ? ವಾದದ ಮೊದಲರ್ಧ ಸರಿ. ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆಯೇ. ಬಂಡೆಯಲ್ಲಿ ಸಹಜವಾಗಿಯೇ ವಿಷವಿರುವ ಸೀಮೆಯಲ್ಲಿ ಅಗೆಯುವ ಮೊದಲು ಇನ್ನೂ ಹೆಚ್ಚಿನ ಎಚ್ಚರ ಬೇಕು. ಗಣಿ ಶುರುವಾಗುವ ಮುನ್ನವೇ ಸುತ್ತಲಿನ ಮಣ್ಣು, ನೀರು, ಬೆಳೆಗಳ ಅಳತೆ ದಾಖಲಾಗಿದ್ದರೆ ಸಹಜವಾದದ್ದು ಎಷ್ಟು, ಗಣಿ ಸೇರಿಸಿದ್ದು ಎಷ್ಟು ಎಂಬ ಜಗಳವೇ ಇರುವುದಿಲ್ಲ. ಆ ದಾಖಲೆ ಇಲ್ಲದಾಗ ಸಂಶಯದ ಲಾಭ ಗಣಿಗೆ ಹೋಗುತ್ತದೆ, ನಷ್ಟ ಮಾತ್ರ ರೈತನಿಗೆ ಉಳಿಯುತ್ತದೆ.

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅದು ಬಿಟ್ಟುಹೋದ 13 ತ್ಯಾಜ್ಯದ ದಿಬ್ಬಗಳಲ್ಲಿ ಮೂರು ಕೋಟಿ ಟನ್‌ಗೂ ಹೆಚ್ಚು ಪುಡಿ ಇದೆ. ಊರವರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ಒಡೆಯುತ್ತದೆ, ಪುಡಿಯಲ್ಲಿರುವ ಲೋಹಗಳು ಒಡೆಯುವುದಿಲ್ಲ. ಬೇಸಿಗೆಯ ಗಾಳಿಗೆ ಏಳುವ ಬಿಳಿ ಧೂಳು ಮನೆಗಳ ಮೇಲೂ ಹೊಲಗಳ ಮೇಲೂ ಬೀಳುತ್ತದೆ. ಈ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡಗಳನ್ನು ಮತ್ತೆ ಕದಡುವ ಮೊದಲು ಸುತ್ತಲಿನ ಹೊಲಗಳ ಇವತ್ತಿನ ಸ್ಥಿತಿ ಏನೆಂದು ಅಳೆದಿಡಲು ಇದೇ ಸಮಯ. ಕೆಲಸ ಶುರುವಾದ ಮೇಲೆ ಆ ಅವಕಾಶ ಮತ್ತೆ ಬರುವುದಿಲ್ಲ.

ಬಳ್ಳಾರಿಯ ಕಥೆ ಸ್ವಲ್ಪ ಬೇರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಂಡೂರು, ಹೊಸಪೇಟೆಗಳ ಬೆಳೆಗಳು ಕೆಂಪು ಧೂಳು ಹೊದ್ದಿದ್ದವು. ಕಬ್ಬಿಣ ಕ್ಯಾಡ್ಮಿಯಂನಂಥ ವಿಷವಲ್ಲ, ಕ್ಷಾರಗುಣದ ಎರೆಮಣ್ಣಿನಲ್ಲಿ ಅದು ಬೇಗ ಕರಗುವುದೂ ಇಲ್ಲ. ಅಲ್ಲಿನ ದೊಡ್ಡ ನಷ್ಟ ಎಲೆ ಮುಚ್ಚುವ ಧೂಳು, ಕೆರೆ ತುಂಬುವ ಹೂಳು. ಹೀಗೆ ಪ್ರತಿ ಗಣಿ ಸೀಮೆಯ ಕೇಡನ್ನೂ ಅದರದೇ ಹೆಸರಿನಿಂದ ಕರೆಯಬೇಕು. ಎಲ್ಲವನ್ನೂ ಒಂದೇ ಮಾತಿನಲ್ಲಿ ವಿಷವೆಂದರೆ ನಿಜವಾದ ವಿಷ ಇರುವ ಊರಿನ ಕೂಗು ಆ ಗದ್ದಲದಲ್ಲಿ ಮುಳುಗುತ್ತದೆ.

ಮದ್ದುಗಳು, ಅವುಗಳ ಮಿತಿ

ಮಣ್ಣನ್ನೇ ಬದಲಿಸುವುದು ಖಚಿತ ಮದ್ದು, ಆದರೆ ಅದರ ವೆಚ್ಚ ಜಿಂಝು ಬಯಲಿನಲ್ಲಿ ಕಂಡಂತೆಯೇ. ಹುಳಿ ಮಣ್ಣಿಗೆ ಸುಣ್ಣ ಹಾಕಿ ರಸಸಾರ ಏರಿಸಿದರೆ ಕ್ಯಾಡ್ಮಿಯಂ ಮತ್ತು ಸೀಸ ಅಡಗುತ್ತವೆ. ಇದು ಅಗ್ಗ, ರೈತನ ಕೈಯಲ್ಲೇ ಇರುವ ಕೆಲಸ, ಆದರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು. ಆರ್ಸೆನಿಕ್ ಇರುವಲ್ಲಿ ಸುಣ್ಣ ನೆರವಾಗುವುದಿಲ್ಲ. ರಂಜಕದ ಗೊಬ್ಬರ ಸೀಸವನ್ನು ಬಂಧಿಸುತ್ತದೆ, ಆರ್ಸೆನಿಕ್ಕನ್ನು ಸಡಿಲಗೊಳಿಸುತ್ತದೆ. ಸಾಲದ್ದಕ್ಕೆ ಆ ಗೊಬ್ಬರದಲ್ಲೇ ಒಂದಿಷ್ಟು ಕ್ಯಾಡ್ಮಿಯಂ ಇರಬಹುದು.

ತಳಿಯ ದಾರಿ ಭರವಸೆ ಕೊಡುವಂಥದ್ದು. ಜಪಾನಿನ ವಿಜ್ಞಾನಿಗಳು ಜನಪ್ರಿಯ ಕೊಶಿಹಿಕಾರಿ ಭತ್ತದಲ್ಲಿ ಮ್ಯಾಂಗನೀಸಿನ ಬಾಗಿಲನ್ನು ಕೆಡಿಸಿದ ತಳಿಯೊಂದನ್ನು 2012ರಲ್ಲಿ ಪ್ರಕಟಿಸಿದರು, ಅದರ ಕಾಳಿನಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಗಣಿಗಳ ನಾಡಾದ ಅಕಿತಾ ಪ್ರಾಂತ್ಯ 2025ರಿಂದ ಇದೇ ಗುಣದ ತಳಿಗೆ ಬದಲಾಗಲು ನಿರ್ಧರಿಸಿತು. ನಮ್ಮ ಸೋನಾ ಮಸೂರಿಯಂಥ ತಳಿಗಳಲ್ಲಿ ಈ ಕೆಲಸ ಮಾಡಲು ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ ಜ್ಞಾನದ ತಡೆಯೇನೂ ಇಲ್ಲ.

ಗಿಡಗಳಿಂದಲೇ ಲೋಹ ಹೀರಿಸುವ ಆಸೆಯೂ ಹಳೆಯದು. ಪ್ಟೆರಿಸ್ ವಿಟ್ಟಾಟಾ ಎಂಬ ಜರಿಗಿಡ ತನ್ನ ಒಣ ತೂಕದ ಶೇ 2ಕ್ಕೂ ಮಿಕ್ಕಿ ಆರ್ಸೆನಿಕ್ ತುಂಬಿಕೊಳ್ಳಬಲ್ಲದು ಎಂದು ಲೀನಾ ಮಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ನಮ್ಮ ದೇಶದಲ್ಲೂ ಹಳೆಯ ಗೋಡೆಗಳ ಸಂದಿನಲ್ಲಿ ತಾನೇ ಬೆಳೆಯುವ ಗಿಡ ಅದು. ಆದರೆ ಕೆಟ್ಟ ಹೊಲವೊಂದು ಹೀಗೆ ಶುದ್ಧವಾಗಲು ವರ್ಷಗಳು, ಕೆಲವೊಮ್ಮೆ ದಶಕಗಳು ಬೇಕು. ಕೊಯ್ದ ಗಿಡವೇ ವಿಷದ ಹೊರೆ. ಅಲ್ಲಿಯವರೆಗೆ ರೈತ ಏನು ಉಣ್ಣಬೇಕು? ಹೊಲಕ್ಕಿಂತ ತ್ಯಾಜ್ಯದ ಗುಡ್ಡಗಳ ಮೇಲೆ ಲಾವಂಚ, ಹುಲ್ಲು, ಮರಗಳನ್ನು ಬೆಳೆಸಿ ಧೂಳನ್ನೂ ಕೊರಕಲನ್ನೂ ತಡೆಯುವುದು ಗಿಡಗಳ ಹೆಚ್ಚು ಸರಿಯಾದ ಬಳಕೆ. ಬೆಳೆ ಬದಲಿಸಿ ಹತ್ತಿ, ಕಬ್ಬು, ಹೂವು ಬೆಳೆಯಿರಿ ಎಂಬ ಸಲಹೆಯನ್ನೂ ಬರಿಯ ಮಾತಾಗಿ ಕೊಡಬಾರದು. ಮಾರುಕಟ್ಟೆ, ನೀರು ಮತ್ತು ನಷ್ಟದ ಅಂತರವನ್ನು ತುಂಬುವ ಹಣ ಅದರ ಜೊತೆಗೇ ಬರಬೇಕು.

ಅಳತೆ ಯಾರ ಕೈಯಲ್ಲಿದೆ?

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ರೈತನ ಹೊಲದ ಹನ್ನೆರಡು ಅಂಶಗಳನ್ನು ಅಳೆಯುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಬೆಳೆಗೆ ಏನು ಕಡಿಮೆ ಎಂದು ಹೇಳುವ ಪಟ್ಟಿ ಇದು. ಉಣ್ಣುವವರಿಗೆ ಏನು ಹೆಚ್ಚಾಗಿದೆ ಎಂದು ಹೇಳುವ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್, ಕ್ರೋಮಿಯಂಗಳಿಗೆ ಆ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ಗಣಿಯಿಂದ ಎರಡು ಕಿಲೋಮೀಟರ್ ದೂರದ ರೈತನಿಗೂ ಇನ್ನೂರು ಕಿಲೋಮೀಟರ್ ದೂರದ ರೈತನಿಗೂ ಒಂದೇ ಚೀಟಿ.

ಇದಕ್ಕೆ ತಂತ್ರಜ್ಞಾನದ ನೆಪ ಹೇಳುವಂತಿಲ್ಲ. ಮಣ್ಣಿನಲ್ಲಿ ಸತು ತಾಮ್ರಗಳನ್ನು ಅಳೆಯಲು ಪ್ರಯೋಗಾಲಯಗಳು ಬಳಸುವ ಪರಮಾಣು ಹೀರಿಕೆ ಯಂತ್ರದಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ದೀಪ ಇರುತ್ತದೆ. ಅದೇ ಯಂತ್ರಕ್ಕೆ ಸೀಸದ ದೀಪ, ಕ್ಯಾಡ್ಮಿಯಂ ದೀಪ ಹಾಕಿದರೆ ಕೆಟ್ಟ ಮಣ್ಣನ್ನು ಮೊದಲ ಸುತ್ತಿನಲ್ಲಿ ಗುರುತಿಸಬಹುದು. ಆರ್ಸೆನಿಕ್ಕಿಗೂ ಕಾಳಿನಲ್ಲಿರುವ ಅತ್ಯಲ್ಪ ಪ್ರಮಾಣಕ್ಕೂ ಹೆಚ್ಚಿನ ಸಲಕರಣೆ ಬೇಕು ನಿಜ, ಆದರೆ ರಾಜ್ಯಕ್ಕೆ ಅಂಥ ಕೆಲವು ಪ್ರಯೋಗಾಲಯಗಳು ಸಾಕು.

ಹಣದ ನೆಪವೂ ನಿಲ್ಲುವುದಿಲ್ಲ. ಗಣಿ ಕಾನೂನಿನ 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಒಂದು ಪಾಲಿಗೆ ಸಮನಾದ ಹಣವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುತ್ತಾರೆ. ಕುಡಿಯುವ ನೀರು, ಆರೋಗ್ಯ, ಪರಿಸರ ಅದರ ಆದ್ಯತೆಯ ಬಾಬತ್ತುಗಳು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗಕ್ಕೆ ಸುಪ್ರೀಂ ಕೋರ್ಟಿನ ನಿಗಾದಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮ ಸಾವಿರಾರು ಕೋಟಿ ರೂಪಾಯಿ ಇಟ್ಟುಕೊಂಡಿದೆ. ರಸ್ತೆ ಮತ್ತು ಕಟ್ಟಡದ ಜೊತೆಗೆ ಮಣ್ಣಿನ ಪರೀಕ್ಷೆಗೂ ಅದರಲ್ಲಿ ಜಾಗವಿರಬೇಕು.

ಕಾನೂನಿನಲ್ಲಿರುವ ಬಿರುಕು ಇನ್ನೂ ಆಳವಾದದ್ದು. 2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಕೆಡಿಸಿದವರೇ ಶುದ್ಧ ಮಾಡಬೇಕು ಎಂಬ ತತ್ವ ಅದರಲ್ಲಿದೆ. ಆದರೆ ಗಣಿಗಾರಿಕೆಯ ಮಾಲಿನ್ಯಕ್ಕೆ ಬೇರೆ ಕಾನೂನುಗಳಿವೆ ಎಂಬ ನೆಲೆಯಲ್ಲಿ ಅದನ್ನು ಈ ನಿಯಮಗಳ ಹೊರಗಿಟ್ಟರು. ಗಣಿ ಕಾನೂನುಗಳು ಹೆಚ್ಚಾಗಿ ಗುತ್ತಿಗೆಯ ಗಡಿಯೊಳಗಿನ ನೆಲದ ಬಗ್ಗೆ ಮಾತಾಡುತ್ತವೆ, ಲೋಹ ಗಡಿ ದಾಟಿ ಹಳ್ಳದ ಕೆಳಗಿನ ಗದ್ದೆಗೆ ಹೋಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಬಿಳಿ ಅಕ್ಕಿಯಲ್ಲಿ ಕಿಲೋಗೆ 0.4 ಮಿಲಿಗ್ರಾಂ ಕ್ಯಾಡ್ಮಿಯಂ, 0.2 ಮಿಲಿಗ್ರಾಂ ಅಜೈವಿಕ ಆರ್ಸೆನಿಕ್ ಎಂಬ ಮಿತಿ ಇಟ್ಟಿದೆ. ಮಾರುಕಟ್ಟೆಯ ಮೂಟೆಗೆ ಈ ಮಿತಿಯ ರಕ್ಷಣೆಯಾದರೂ ಇದೆ. ತನ್ನ ಗದ್ದೆಯ ಅಕ್ಕಿಯನ್ನೇ ವರ್ಷವಿಡೀ ಉಣ್ಣುವ ರೈತನ ಮನೆಗೆ ಅದೂ ಇಲ್ಲ.

ಆದ್ದರಿಂದ ಕೇಳಬೇಕಾದದ್ದು ನಾಲ್ಕು. ಪ್ರತಿ ಗಣಿಯ, ಮುಚ್ಚಿದ ಗಣಿಗಳದ್ದೂ ಸೇರಿ, ನೀರು ಹರಿಯುವ ಮತ್ತು ಗಾಳಿ ಬೀಸುವ ದಿಕ್ಕಿನ ಹೊಲಗಳ ಮಣ್ಣು ಆರೋಗ್ಯ ಕಾರ್ಡಿಗೆ ಭಾರ ಲೋಹಗಳ ಸಾಲು ಸೇರಬೇಕು. ಮಣ್ಣಿನೊಂದಿಗೆ ಕಾಳು, ಸೊಪ್ಪು, ಮೇವು, ಕೆರೆಯ ಹೂಳಿನ ಪರೀಕ್ಷೆಯೂ ನಡೆದು, ಫಲಿತಾಂಶ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು. ಹೊಸ ಗಣಿಗೂ ಹಳೆಯ ದಿಬ್ಬಗಳ ಮರುಗಣಿಗಾರಿಕೆಗೂ ಮೊದಲೇ ಹೊರಗಿನ ಹೊಲಗಳ ಅಳತೆ ಕಡ್ಡಾಯವಾಗಬೇಕು. ಜಿಂಝು ರೈತರಂತೆ ನಮ್ಮ ರೈತರಿಗೂ ತಾವು ನಂಬುವ ತಜ್ಞರೊಡನೆ ಗಣಿಯ ಒಳಹೋಗಿ ನೋಡುವ ಹಕ್ಕು ಬರಹದಲ್ಲಿ ಸಿಗಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಮುಗಿಯಲಿ ಎಂದು ಕಾಯಬೇಕಿಲ್ಲ. ಲೋಹ ಹೇಗೆ ಚಲಿಸುತ್ತದೆ, ಯಾವ ಬೆಳೆಗೆ ಹೇಗೆ ಸೇರುತ್ತದೆ, ಯಾರಿಗೆ ಹೆಚ್ಚು ಕೇಡು ಮಾಡುತ್ತದೆ ಎಂಬುದು ತಿಳಿದು ದಶಕಗಳಾದವು. ಗಣಿಯಿಂದ ಬರುವ ರಾಜಧನವನ್ನು ಟನ್ನಿನ ಲೆಕ್ಕದಲ್ಲಿ ತೂಗಿ ಪಡೆಯುವ ಸರ್ಕಾರಕ್ಕೆ, ಅದೇ ಗಣಿಯಿಂದ ಗದ್ದೆಗೆ ಇಳಿದದ್ದನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ರೈತನಿಗೆ ತಿಳಿಸುವ ಹೊಣೆಯೂ ಇದೆ.